ಬಟನ್ ಒತ್ತಿದ್ದು ಒಂದು ಸೆಕೆಂಡ್ ತಡ

ನಾನು ಸಿಗ್ನಲ್ ಇಂಜಿನಿಯರ್ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ‘ರಸ್ತೆ ದಾಟೋಕೆ ಕಂಬದಲ್ಲಿ ಬಟನ್ ಇರುತ್ತಲ್ಲ, ಅದು ನಿಜವಾಗ್ಲೂ ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ಇಟ್ಟಿದ್ದೀರಾ?’

ಕೆಲವು ಕಡೆ ಸುಮ್ನೆಯೇ ಇರುತ್ತದೆ. ನ್ಯೂಯಾರ್ಕ್ ನಗರದ 3,250 ಬಟನ್‌ಗಳಲ್ಲಿ 2,500ಕ್ಕೂ ಹೆಚ್ಚು ಕೆಲಸ ಮಾಡುತ್ತಿಲ್ಲ ಎಂಬುದು 2004ರಲ್ಲಿ ಬಯಲಾಯಿತು. ಅಲ್ಲಿ ಸಿಗ್ನಲ್‌ಗಳೆಲ್ಲ ಕಂಪ್ಯೂಟರ್ ಹಿಡಿತಕ್ಕೆ ಬಂದಿದ್ದವು. ಒತ್ತಿದರೂ ಒತ್ತದಿದ್ದರೂ ಪ್ರತಿ ಸುತ್ತಿನಲ್ಲೂ ಪಾದಚಾರಿಗಳಿಗೆ ಹಸಿರು ಬರುತ್ತಿತ್ತು. ಹಳೆಯ ಬಟನ್ ಕೀಳುವುದಕ್ಕೂ ಖರ್ಚು ತಾನೆ, ಹಾಗೇ ಬಿಟ್ಟಿದ್ದರು.

ಕೆಲಸ ಮಾಡುವ ಬಟನ್ ಕಥೆ ಬೇರೆ. ಕಾರು ಬಂದು ನಿಂತರೆ ಡಾಂಬರಿನೊಳಗೆ ಹೂತಿಟ್ಟ ತಂತಿಯ ಸುರುಳಿಗೆ ಗೊತ್ತಾಗುತ್ತದೆ. ಮೇಲೆ ಲೋಹ ಬಂತು ಅಂತ ಅದು ಮೂಲೆಯಲ್ಲಿ ಲೈಟ್‌ಗಳನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ನಡೆದು ಬಂದವರ ಮೈಯಲ್ಲಿ ಅಷ್ಟು ಲೋಹ ಎಲ್ಲಿಂದ ಬರಬೇಕು? ಹಾಗಾಗಿ ‘ನಾನಿದ್ದೇನೆ’ ಅಂತ ಅವರೇ ಹೇಳಿಕೊಳ್ಳಬೇಕು. ಬಟನ್ ಇರುವುದು ಅದಕ್ಕೆ. ಒತ್ತಿದರೆ ಅರ್ಜಿ ದಾಖಲಾಯಿತು, ಅಷ್ಟೇ. ಲೈಟ್ ಆ ಕ್ಷಣಕ್ಕೆ ಬದಲಾಗುವುದಿಲ್ಲ. ಹತ್ತು ಸಲ ಕುಟ್ಟಿದರೂ ಅರ್ಜಿ ಒಂದೇ.

ನನಗೆ ಬರುವ ಬೈಗುಳದಲ್ಲಿ ಜಾಸ್ತಿ ಪಾಲು ಇನ್ನೊಂದು ಕಾರಣಕ್ಕೆ. ‘ಪಕ್ಕದ ಕಾರಿಗೆ ಹಸಿರು ಕೊಟ್ಟಿರಿ, ಅದೇ ದಿಕ್ಕಿಗೆ ಹೋಗುವ ನನಗೆ ಮಾತ್ರ ಪಾದಚಾರಿ ಲೈಟಿನಲ್ಲಿ ಕೆಂಪು ಗೊಂಬೆ!’ ಇದಕ್ಕೊಂದು ಲೆಕ್ಕವಿದೆ. 18 ಮೀಟರ್ ಅಗಲದ ದೊಡ್ಡ ರಸ್ತೆ ಅಂದುಕೊಳ್ಳಿ. ಅಡ್ಡರಸ್ತೆಯಿಂದ ಬಂದ ಎರಡು ಕಾರು ಅದನ್ನು ದಾಟಲು ಎಂಟು ಸೆಕೆಂಡ್ ಸಾಕು. ನಡೆಯುವವರಿಗೆ ಹಾಗಲ್ಲ. ಹಸಿರು ಗೊಂಬೆಗೆ 7 ಸೆಕೆಂಡ್. ಆಮೇಲೆ ದಾಟಿ ಮುಗಿಸಲು, ಸೆಕೆಂಡಿಗೆ 1.2 ಮೀಟರ್‌ನಂತೆ, 15 ಸೆಕೆಂಡ್. ಒಟ್ಟು 22. ಎಂಟು ಕೊಡಬೇಕೋ ಇಪ್ಪತ್ತೆರಡು ಕೊಡಬೇಕೋ ಅನ್ನುವುದನ್ನು ಕಂಟ್ರೋಲರ್ ಹಸಿರು ಕೊಡುವ ಹೊತ್ತಿಗೇ ತೀರ್ಮಾನಿಸಿರುತ್ತದೆ. ನೀವು ಅದಾಗಿ ಒಂದು ಸೆಕೆಂಡ್ ಬಿಟ್ಟು ಒತ್ತಿದರೆ ಅರ್ಜಿ ಸಾಮಾನ್ಯವಾಗಿ ಮುಂದಿನ ಸುತ್ತಿಗೆ ಹೋಗುತ್ತದೆ. ಒಂದು ಸುತ್ತು ಅಂದರೆ ಕೆಲವು ಕಡೆ ಎರಡು ನಿಮಿಷ. ಮಳೆಯಲ್ಲಿ ನಿಂತವರಿಗೆ ಈ ಲೆಕ್ಕ ಹೇಳಿ ಸಮಾಧಾನ ಮಾಡೋಕಾಗಲ್ಲ, ಒಪ್ಪುತ್ತೇನೆ. ಜನ ಜಾಸ್ತಿ ನಡೆಯುವ ಕಡೆ ಬಟನ್ ಕಾಯದೆ ಪ್ರತಿ ಸುತ್ತಿನಲ್ಲೂ ಹಸಿರು ಗೊಂಬೆ ಬರುವಂತೆ ಇಡಬೇಕು ಅನ್ನುವವನು ನಾನು. ವಾಹನದವರ ಸಮಯ ಉಳಿಸುವುದರಲ್ಲಿ ನಮ್ಮ ವೃತ್ತಿಯವರಿಗೆ ಸ್ವಲ್ಪ ಉತ್ಸಾಹ ಜಾಸ್ತಿಯೇ.

ದಾಟಿ ಮುಗಿಸುವ ಆ ಹೊತ್ತಿನಲ್ಲಿ ಮಿನುಗುವ ಕೆಂಪನ್ನೂ ಜನ ತಪ್ಪು ತಿಳಿಯುತ್ತಾರೆ. ಕೆಲವು ದೇಶಗಳಲ್ಲಿ ಆಗ ಮಿನುಗುವುದು ಹಸಿರು ಗೊಂಬೆಯೇ. ಅರ್ಥ ಒಂದೇ: ಹೊಸದಾಗಿ ಇಳಿಯಬೇಡಿ, ಇಳಿದವರು ದಾಟಿ ಮುಗಿಸಿ. ನಡುರಸ್ತೆಯಿಂದ ಗಾಬರಿಯಾಗಿ ವಾಪಸ್ ಓಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಆ ಹೊತ್ತನ್ನು ಇಟ್ಟಿರುವುದೇ ಅವರಿಗಾಗಿ.

ಆದರೆ ಆ ಹೊತ್ತು ಎಲ್ಲರಿಗೂ ಸಾಲುತ್ತದಾ? ಒಮ್ಮೆ ಸ್ಟಾಪ್‌ವಾಚ್ ಹಿಡಿದು ಅಂಥದ್ದೇ 18 ಮೀಟರ್ ರಸ್ತೆಯ ಬದಿ ನಿಂತಿದ್ದೆ. ಕೋಲು ಹಿಡಿದ ಅಜ್ಜಿಯೊಬ್ಬರ ನಡಿಗೆ ಸೆಕೆಂಡಿಗೆ ಸುಮಾರು 0.9 ಮೀಟರ್. ಹಸಿರು ಮುಗಿಯುವ ಕೊನೇ ಗಳಿಗೆಯಲ್ಲಿ ಇಳಿದರು. ಅವರ ಪಾಲಿಗೆ ಉಳಿದದ್ದು 15 ಸೆಕೆಂಡ್, ಹದಿಮೂರೂವರೆ ಮೀಟರ್. ಇನ್ನೂ ನಾಲ್ಕೂವರೆ ಮೀಟರ್ ಬಾಕಿ, ಅಂದರೆ ಪೂರ್ತಿ ಒಂದು ಲೇನ್ ಮತ್ತು ಸ್ವಲ್ಪ. ಎದುರಿಗೆ ಬಸ್ಸಿನ ಇಂಜಿನ್ ಗುರುಗುಡುತ್ತಿತ್ತು. ಚಾಲಕ ಕಾದ. ಲೆಕ್ಕದಲ್ಲಿ ಚಾಲಕನ ಒಳ್ಳೆಯತನಕ್ಕೆ ಅಂಕಣವಿಲ್ಲ. ಅಮೆರಿಕದಲ್ಲಿ 2009ರಲ್ಲಿ ನಡಿಗೆಯ ಲೆಕ್ಕವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ ಇಳಿಸಿದರು. ಅದೇ ವರ್ಷ ಸಿಂಗಾಪುರದಲ್ಲಿ ಹಿರಿಯರು ಕಾರ್ಡ್ ತಾಗಿಸಿದರೆ 3ರಿಂದ 13 ಸೆಕೆಂಡ್ ಜಾಸ್ತಿ ಸಿಗುವ ವ್ಯವಸ್ಥೆ ಬಂತು. ನನಗೆ ಇದೇ ಇಷ್ಟ. ಬೇಕಾದವರಿಗೆ ಬೇಕಾದಾಗ ಸಿಗುತ್ತದೆ.

ಬಟನ್ ಎರಡು ರೀತಿ ಕೆಡುತ್ತದೆ. ತಂತಿ ಕಡಿದರೆ ಗೊಂಬೆ ಹಸಿರಾಗುವುದೇ ಇಲ್ಲ. ಒಳಗೇ ಸಿಕ್ಕಿಕೊಂಡರೆ ಯಾರೂ ಇಲ್ಲದಿದ್ದರೂ ಪ್ರತಿ ಸುತ್ತಿನಲ್ಲೂ ಹಸಿರು. ಎರಡನೆಯದರ ಬಗ್ಗೆ ನಡೆಯುವವರಿಂದ ನನಗೆ ಇದುವರೆಗೆ ಒಂದೂ ದೂರು ಬಂದಿಲ್ಲ!

ಇನ್ನು ಕೆಲವು ಸಲ ಬಟನ್ ಕೆಟ್ಟಿರುವುದೇ ಇಲ್ಲ. ಹಿರಿಯರೊಬ್ಬರು ಮೂರು ಸಲ ದೂರು ಕೊಟ್ಟರು. ಪೆಟ್ಟಿಗೆ ತೆರೆದು ನೋಡಿದರೆ ಎಲ್ಲ ಸರಿ. ಕೊನೆಗೆ ಅವರ ಜೊತೆಯೇ ಹೋಗಿ ನಿಂತೆ. ಮೂಲೆಯ ಕಂಬದಲ್ಲಿ ಎರಡು ಬಟನ್, ಎರಡು ರಸ್ತೆಗೆ ಒಂದೊಂದು. ಅವರು ಒತ್ತುತ್ತಿದ್ದದ್ದು ಇನ್ನೊಂದು ರಸ್ತೆಯದನ್ನು. ಯಾವುದು ಯಾವ ಕಡೆಗೆ ಅಂತ ತೋರಿಸುವ ಬಾಣದ ಮೇಲೆ ಯಾರೋ ಪೋಸ್ಟರ್ ಅಂಟಿಸಿದ್ದರು. ಬೀಗದ ಕೈಯಿಂದ ಅದನ್ನು ಕೆರೆಯುತ್ತಾ ನಿಂತೆ. ಅಷ್ಟರಲ್ಲಿ ಅವರು ಸರಿಯಾದ ಬಟನ್ ಒತ್ತಿ ದಾಟಿಯೂ ಆಗಿತ್ತು.