ಲ್ಯಾಪ್‌ಟಾಪ್ ಆನೇ ಆಗ್ತಿಲ್ಲ, ಮದರ್‌ಬೋರ್ಡ್ ಹೋಗಿದೆ ಅಂತಾರೆ, ನಂಬ್ಲಾ?

ಪ್ರಶ್ನೆ: ಮೊನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂತು, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಆನೇ ಆಗ್ತಿಲ್ಲ, ಲೈಟೂ ಇಲ್ಲ ಫ್ಯಾನೂ ಇಲ್ಲ. ಏರಿಯಾದ ಅಂಗಡಿಯವ್ರು ಬಿಚ್ಚಿ ನೋಡ್ದೇನೇ ಮದರ್‌ಬೋರ್ಡ್ ಹೋಗಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳೋದೇ ವಾಸಿ ಅಂದ್ರು. ವಾರಂಟಿ ಮುಗಿದಿದೆ. ಏನ್ ಮಾಡ್ಲಿ ಸರ್?

ಉತ್ತರ: ಬಿಚ್ಚಿ ನೋಡದೆ ಹೇಳಿದ ಮಾತನ್ನ ನಂಬ್ಬೇಡಿ. ಬೋರ್ಡ್ ಹೋಗಿರಬಹುದು, ಹೋಗಿಲ್ಲ ಅಂತ ನಾನೂ ಇಲ್ಲಿ ಕೂತು ಹೇಳಕ್ಕಾಗಲ್ಲ, ಆದ್ರೆ ಆ ತೀರ್ಮಾನ ಕೊನೇಲಿ ಬರ್ಬೇಕು, ಮೊದಲ್ನೇ ನಿಮಿಷದಲ್ಲಲ್ಲ. ಗೋಡೆ ಸಾಕೆಟ್‌ನಿಂದ ಬೋರ್ಡ್ ತನಕ ಕರೆಂಟ್ ಬರೋ ದಾರೀಲಿ ಎಲ್ಲಿ ನಿಂತಿದೆ ಅಂತ ಹುಡುಕ್ಬೇಕು, ಅದ್ರಲ್ಲಿ ಅರ್ಧ ಕೆಲಸ ಮನೇಲೇ ಆಗತ್ತೆ, ದುಡ್ಡೂ ಬೇಕಾಗಲ್ಲ.

ಮೊದ್ಲು ಇದನ್ನ ಮಾಡಿ. ಚಾರ್ಜರ್ ಕಿತ್ತು, ಪೆನ್‌ಡ್ರೈವ್ ಮೌಸ್ ಎಲ್ಲ ತೆಗೆದು, ಬ್ಯಾಟರಿ ಹೊರಗೆ ಬರೋ ಮಾಡೆಲ್ ಆದ್ರೆ ಅದನ್ನೂ ತೆಗೆದು, ಪವರ್ ಬಟನ್ನ 30 ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಒಂದು ನಿಮಿಷ ಆದ್ರೂ ಪರ್ವಾಗಿಲ್ಲ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಇದೇನು ಮಂತ್ರ ಅಲ್ಲ, ನೀವು ಬಟನ್ ಒತ್ತಿದಾಗ ಅದನ್ನ ಮೊದ್ಲು ಗಮನಿಸೋದು ಪ್ರೊಸೆಸರ್ ಅಲ್ಲ, ಬೋರ್ಡ್ ಮೇಲಿರೋ ಎಂಬೆಡೆಡ್ ಕಂಟ್ರೋಲರ್ ಅನ್ನೋ ಪುಟ್ಟ ಚಿಪ್, ಲ್ಯಾಪ್‌ಟಾಪ್ ಆಫ್ ಇದ್ರೂ ಅದು ಎಚ್ಚರವಾಗೇ ಇರತ್ತೆ. ಕರೆಂಟ್ ಹೋಗಿ ಬಂದಾಗ ಒಮ್ಮೊಮ್ಮೆ ಅದು ಹ್ಯಾಂಗ್ ಆಗತ್ತೆ, ಆಗ ನೀವು ಎಷ್ಟ್ ಸಲ ಬಟನ್ ಒತ್ತಿದ್ರೂ ಕೇಳೋರೇ ಇರಲ್ಲ. ಒತ್ತಿ ಹಿಡಿದಾಗ ಅದು ರೀಸೆಟ್ ಆಗತ್ತೆ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಇದಕ್ಕಂತಾನೇ ತಳದಲ್ಲಿ ಸಣ್ಣ ತೂತು ಇರತ್ತೆ, ಸಿಮ್ ಪಿನ್ ಹಾಕಿ ಒತ್ತಿದ್ರೆ ಸಾಕು.

ಆಗ್ಲಿಲ್ವಾ, ಅಡಾಪ್ಟರ್ ನೋಡಿ. ಬೇರೆ ಸಾಕೆಟ್ಟಿಗೆ ನೇರವಾಗಿ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಅಡಾಪ್ಟರ್‌ನಲ್ಲಿ ಲೈಟ್ ಇದ್ರೆ ಅದನ್ನ ಸರಿಯಾಗಿ ಗಮನಿಸಿ, ಇದು ತುಂಬಾ ಮುಖ್ಯ. ಸಾಕೆಟ್ಟಿಗೆ ಹಾಕಿದಾಗ ಲೈಟ್ ಬರ್ತಿದ್ದು, ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಆರಿಹೋಗಿ, ಕಿತ್ತು ಸ್ವಲ್ಪ ಹೊತ್ತು ಬಿಟ್ಟಮೇಲೆ ಮತ್ತೆ ಬಂದ್ರೆ, ಬೋರ್ಡ್‌ನಲ್ಲೋ ಚಾರ್ಜರ್ ಚುಚ್ಚೋ ಡಿಸಿ ಜ್ಯಾಕ್‌ನಲ್ಲೋ ಶಾರ್ಟ್ ಇರೋ ಸಾಧ್ಯತೆ ಜಾಸ್ತಿ, ಅಡಾಪ್ಟರ್ ತನ್ನನ್ನ ಕಾಪಾಡ್ಕೊಳ್ಳಕ್ಕೆ ಕಟ್ ಆಗ್ತಿದೆ. ಸಾಕೆಟ್ಟಿಗೆ ಹಾಕಿದ್ರೂ ಲೈಟೇ ಬರದಿದ್ರೆ ಅಡಾಪ್ಟರ್ರೇ ಹೋಗಿರತ್ತೆ, ಲ್ಯಾಪ್‌ಟಾಪ್ ಆರಾಮಾಗಿರಬಹುದು. ಗುಂಡು ಪಿನ್ನಿನ ಅಡಾಪ್ಟರ್ ಆದ್ರೆ ಮಲ್ಟಿಮೀಟರ್‌ನ 20 ವೋಲ್ಟ್ ಡಿಸಿಗಿಂತ ಮೇಲಿನ ರೇಂಜಿಗೆ ಇಟ್ಟು ನೋಡಿ, ಸಾಮಾನ್ಯವಾಗಿ 19 ರಿಂದ 20 ವೋಲ್ಟ್ ತೋರಿಸ್ಬೇಕು, ಅಡಾಪ್ಟರ್ ಮೇಲೇ ಬರೆದಿರತ್ತೆ. ಟೈಪ್-ಸಿ ಆದ್ರೆ ಈ ಪರೀಕ್ಷೆ ನಡೆಯಲ್ಲ, ಅದು ಲ್ಯಾಪ್‌ಟಾಪ್ ಜೊತೆ ಮಾತಾಡ್ಕೊಂಡ ಮೇಲಷ್ಟೇ 20 ವೋಲ್ಟ್ ಕೊಡೋದು, ಹಾಗಾಗಿ ಸ್ನೇಹಿತರ ಹತ್ರ 65 ವ್ಯಾಟ್ ಚಾರ್ಜರ್ ಇದ್ರೆ ತಂದು ಹಾಕಿ ನೋಡಿ, ಫೋನಿನ ಸಣ್ಣ ಚಾರ್ಜರ್ ಹಾಕಿ ಆಗ್ಲಿಲ್ಲ ಅಂತ ತೀರ್ಮಾನ ಮಾಡ್ಬೇಡಿ. ಡೆಲ್, ಎಚ್‌ಪಿಯ ಗುಂಡು ಪಿನ್ನಲ್ಲಿ ಮಧ್ಯೆ ಕೂದಲಿನಂಥ ಒಂದು ಸೂಜಿ ಇರತ್ತೆ, ಅದು ಸೊಟ್ಟಗಾದ್ರೆ ಲ್ಯಾಪ್‌ಟಾಪ್ ಅಡಾಪ್ಟರ್ರನ್ನ ಗುರುತು ಹಿಡಿಯಲ್ಲ, ಬ್ಯಾಟರಿ ಚಾರ್ಜ್ ಆಗದೆ ದಿನಾ ಇಳೀತಾ ಬಂದು ಒಂದಿನ ಪೂರ್ತಿ ಸತ್ತಂಗೆ ಕಾಣತ್ತೆ. ಮೊಬೈಲ್ ಟಾರ್ಚ್ ಹಾಕ್ಕೊಂಡು ನೋಡಿ.

ನಿಮ್ಮದ್ರಲ್ಲಿ ಲೈಟೂ ಇಲ್ಲ ಅಂದ್ರಿ, ಹಾಗಾಗಿ ಡಿಸ್‌ಪ್ಲೇ ವಿಷ್ಯ ಬೇಗ ಹೇಳ್ಬಿಡ್ತೀನಿ. ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ಲೈಟ್ ಬಂದು ಹೋಗ್ತಿದ್ರೆ ಮೆಷಿನ್ ಆನ್ ಆಗಿದೆ, ಸ್ಕ್ರೀನ್ ಮಾತ್ರ ಇಲ್ಲ, ಎಚ್‌ಡಿಎಂಐ ಕೇಬಲ್ಲಲ್ಲಿ ಟಿವಿಗೆ ಹಾಕಿದ್ರೆ ಗೊತ್ತಾಗತ್ತೆ. ಕ್ಯಾಪ್ಸ್ ಲಾಕ್ ತಾನಾಗೇ ಲೆಕ್ಕ ಹಾಕ್ದಂಗೆ ಮಿಣುಕ್ತಿದ್ರೆ ಎಷ್ಟು ಸಲ ಅಂತ ಎಣಿಸಿ, ಅದು ಯಾವ ಭಾಗ ಕೆಟ್ಟಿದೆ ಅಂತ ಕಂಪನಿ ಇಟ್ಟಿರೋ ಸಂಕೇತ, ನಿಮ್ಮ ಮಾಡೆಲ್ಲಿನ ಮ್ಯಾನುವಲ್ಲಲ್ಲಿ ಅರ್ಥ ಸಿಗತ್ತೆ.

ತಳದ ಕವರ್ ಬಿಚ್ಚೋ ಧೈರ್ಯ ಇದ್ರೆ, ಮೊದ್ಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೇ ಮಿಕ್ಕಿದ್ದು. ರ್‍ಯಾಮ್‌ನ ಎರಡೂ ಕಡೆ ಕ್ಲಿಪ್ ಅಗಲಿಸಿದ್ರೆ ಅದು ತಾನೇ ಓರೆಯಾಗಿ ಮೇಲೇಳತ್ತೆ, ತೆಗೆದು ಒಣ ಬಟ್ಟೇಲಿ ಒರೆಸಿ ಗಟ್ಟಿಯಾಗಿ ಕೂರಿಸಿ. ಫ್ಯಾನ್ ತಿರುಗಿ ಸ್ಕ್ರೀನ್ ಬರದ ಎಷ್ಟೋ ಕೇಸು ಇಲ್ಲೇ ಮುಗಿಯತ್ತೆ. ಡಿಡಿಆರ್5 ಅನ್ನೋ ಹೊಸ ಬಗೆಯ ಮೆಮೊರಿ ಆದ್ರೆ ಆನ್ ಮಾಡಿದ ಮೇಲೆ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು, ಗಾಬರಿಯಾಗಿ ಆಫ್ ಮಾಡ್ಬೇಡಿ. ಆದ್ರೆ ಬಿಚ್ಚೋಕ್ ಮುಂಚೇನೇ ಟಚ್‌ಪ್ಯಾಡ್ ಮೇಲೆದ್ದಿದ್ರೆ, ತಳ ಉಬ್ಬಿದ್ರೆ, ದಯವಿಟ್ಟು ಅಲ್ಲೇ ನಿಲ್ಲಿಸಿ, ಚಾರ್ಜಿಗೂ ಹಾಕ್ಬೇಡಿ, ಊದಿದ ಬ್ಯಾಟರಿಗೆ ತೂತು ಬಿದ್ರೆ ಬೆಂಕಿ ಹತ್ಕೊಳ್ಳತ್ತೆ. ಕಸದ ಆಟೋಗೆ ಬೇರೆ ಕಸದ ಜೊತೆ ಕೊಡೋದೂ ತಪ್ಪು, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನ ಬೇರೆಯಾಗೇ ಕೊಡ್ಬೇಕು.

ಇಷ್ಟಾದ್ರೂ ಜೀವ ಬರ್ಲಿಲ್ಲ ಅಂದ್ರೆ ಚಿಪ್ ಲೆವೆಲ್ ಸರ್ವಿಸ್ ಅಂತ ಬೋರ್ಡ್ ಹಾಕಿರೋ ಕಡೆ ಹೋಗಿ, ಬೆಂಗಳೂರಲ್ಲಾದ್ರೆ ಟೌನ್ ಹಾಲ್ ಹತ್ರದ ಎಸ್.ಪಿ. ರೋಡ್‌ನಲ್ಲಿ ಇಂಥ ಅಂಗಡಿಗಳು ಸಾಲಾಗಿವೆ. ಶಾರ್ಟ್ ಆಗಿದ್ರೆ ಎಷ್ಟೋ ಸಲ ಕೆಟ್ಟಿರೋದು ಇಡೀ ಬೋರ್ಡಲ್ಲ, ಸಾಸಿವೆ ಗಾತ್ರದ ಒಂದು ಕೆಪಾಸಿಟರ್ರು. ಕೆಲಸ ಗೊತ್ತಿರೋರು ಪವರ್ ಸಪ್ಲೈಯಿಂದ ಕಮ್ಮಿ ವೋಲ್ಟೇಜ್ ಕೊಟ್ಟು ಯಾವುದು ಬಿಸಿಯಾಗತ್ತೆ ಅಂತ ನೋಡಿ ಅದೊಂದನ್ನೇ ಕಿತ್ತು ಬದಲಾಯಿಸ್ತಾರೆ. ಅಣ್ಣಾ ಯಾವ ಲೈನ್ ಶಾರ್ಟು, ಯಾವ ಪಾರ್ಟ್ ಹಾಕ್ತೀರಾ ಅಂತ ಕೇಳಿ, ನೋಡಿರೋರು ನಿಮ್ಮ ಮುಂದೇನೇ ಮೀಟರ್ ಇಟ್ಟು ತೋರಿಸ್ತಾರೆ. ರಿಪೇರಿ ಖರ್ಚು ಅದೇ ಮಾಡೆಲ್ಲಿನ ಸೆಕೆಂಡ್‌ಹ್ಯಾಂಡ್ ಬೆಲೆಯ ಅರ್ಧ ದಾಟಿದ್ರೆ ನಾನಾದ್ರೆ ಮಾಡ್ಸಲ್ಲ.

ಕೊಡೋಕ್ ಮುಂಚೆ ನಿಮ್ಮ ಫೈಲುಗಳಿರೋ ಎಸ್‌ಎಸ್‌ಡಿ ಬಿಚ್ಚಿ ಮನೇಲೇ ಇಟ್ಕೊಳ್ಳಿ, ಆನೇ ಆಗದ ಮೆಷಿನ್‌ನಲ್ಲಿ ಕರೆಂಟ್ ಹುಡುಕಕ್ಕೆ ಅದರ ಅವಶ್ಯಕತೆ ಇಲ್ಲ. ಬೋರ್ಡ್ ನಿಜವಾಗ್ಲೂ ಹೋಗಿದ್ರೂ ನಿಮ್ಮ ಫೈಲುಗಳು ಅದ್ರಲ್ಲೇ ಇರತ್ವೆ, ಎನ್‌ಕ್ಲೋಶರ್ ಅನ್ನೋ ಯುಎಸ್‌ಬಿ ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರ್ರಿಗೆ ಚುಚ್ಚಿದ್ರೆ ಸಿಗತ್ತೆ. ಫೈಲುಗಳಿಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಕೇಳತ್ತೆ, ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿದ್ರೆ ಸಾಮಾನ್ಯವಾಗಿ ಅದೇ ಅಕೌಂಟಲ್ಲಿ ಸೇವ್ ಆಗಿರತ್ತೆ, ಫೋನಿಂದಾನೇ ತೆಗೆದು ನೋಡಬಹುದು. ಇತ್ತೀಚಿನ ಮ್ಯಾಕ್‌ಬುಕ್ ಆದ್ರೆ ಸ್ಟೋರೇಜ್ ಹೀಗೆ ಬಿಚ್ಚಿ ಇಟ್ಕೊಳ್ಳಕ್ಕಾಗಲ್ಲ, ಆಗ ನನಗೆ ಡೇಟಾ ಬೇಕು ಅಂತ ರಿಪೇರಿಗೆ ಕೊಡೋವಾಗ್ಲೇ ಹೇಳಿ, ಜಾಬ್ ಶೀಟಲ್ಲಿ ಬರೆಸ್ಕೊಳ್ಳಿ.