ಮೂರು ಪಟ್ಟಿ, ಒಂದು ಕಾಲುಸಂಕ

ಹೋದ ವರ್ಷ ಆರಿದ್ರಾ ಮಳೆ ಹಿಡಿದ ಹೊತ್ತಿನಲ್ಲಿ ಹೊಸನಗರ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಟಾರು ರಸ್ತೆ ಮುಗಿದ ಮೇಲೆ ಅರ್ಧ ಗಂಟೆ ನಡಿಗೆ. ಆಮೇಲೆ ಹಳ್ಳ. ಹಳ್ಳ ದಾಟೋಕೆ ಅಡಿಕೆ ದಬ್ಬೆ ಹಾಕಿದ ಕಾಲುಸಂಕ. ಅದರಾಚೆ, ತೋಟದ ತಲೆಗೆ, ಒಂಟಿ ಮನೆ. ಅಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳನ್ನು ಸಿರಸಿ ಕಡೆ ಕೊಟ್ಟಿದ್ದಾರೆ. ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ ಅಂತ ಪಕ್ಕದ ಮನೆಯವರು ಫೋನ್ ಮಾಡಿದ್ದರು.

"ಬಾ ತಂಗೀ, ಮೊದ್ಲು ಆಸ್ರಿಗೆ ಕುಡಿ. ದುಡ್ಡಿನ ವಿಷ್ಯ ಆಮೇಲೆ" ಅಂದರು ಅಜ್ಜಿ.

ಮಾರನೆಯ ದಿನ ಕಚೇರಿಯಲ್ಲಿ ವಿಚಾರಿಸಿದೆ. ಕಂಪ್ಯೂಟರಿನಲ್ಲಿ ಪ್ರತಿ ತಿಂಗಳೂ "ಪಾವತಿಯಾಗಿದೆ" ಅಂತ ಇತ್ತು. ಅದು ಸುಳ್ಳಲ್ಲ. ಅಜ್ಜಿ ಹೇಳಿದ್ದೂ ಸುಳ್ಳಲ್ಲ. ಬೇರೆ ಯಾವುದೋ ಯೋಜನೆಗೆ ಅಂತ ಅವರ ಹೆಸರಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಸಿದ್ದರು. ಆಧಾರ್ ಮೂಲಕ ಹೋಗುವ ಹಣ, ಕೊನೆಗೆ ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ನಾಲ್ಕು ತಿಂಗಳ ಹಣವೂ ಹೊಸ ಖಾತೆಯಲ್ಲಿ ಭದ್ರವಾಗಿತ್ತು. ಅಜ್ಜಿಯ ಕೈಲಿದ್ದದ್ದು ಹಳೆ ಪಾಸ್‌ಬುಕ್. ಅಷ್ಟೂ ದಿನ ಅವರು ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದ್ದರು.

ಇಪ್ಪತ್ತು ವರ್ಷದಿಂದ ಶಿವಮೊಗ್ಗ ಜಿಲ್ಲೆಯಲ್ಲಿ ಹಿರಿಯರ ನಡುವೆ ಸಮಾಜಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಇಂಥವೇ. ಯೋಜನೆ ಇರುತ್ತದೆ, ಹಣ ಇರುತ್ತದೆ, ಒಳ್ಳೆಯ ನೌಕರರೂ ಇರುತ್ತಾರೆ. ಆದರೆ ಕಚೇರಿ ತನ್ನ ಮೇಜಿನವರೆಗೆ ಲೆಕ್ಕ ಇಡುತ್ತದೆ. ಮೇಜಿನಿಂದ ಕಾಲುಸಂಕದ ಆಚೆಗಿನ ಲೆಕ್ಕ ಯಾರದ್ದು?

ನಮ್ಮ ಜಿಲ್ಲೆಯಲ್ಲಿ ಹಿರಿಯರ ಕೆಲಸ ಹೇಗೆ ಹಂಚಿಹೋಗಿದೆ ನೋಡಿ. ಪಿಂಚಣಿ ಕಂದಾಯ ಇಲಾಖೆಯದ್ದು. ಅರ್ಜಿ ನಾಡಕಚೇರಿಗೆ, ಮಂಜೂರಾತಿ ತಹಶೀಲ್ದಾರರಿಂದ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ರೂಪಾಯಿ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನವಿದೆ. ಅದರಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ 200 ರೂಪಾಯಿ, 80 ಆದ ಮೇಲೆ 500. ಗುರುತಿನ ಚೀಟಿ, ವೃದ್ಧಾಶ್ರಮಗಳ ಅನುದಾನ ಇವೆಲ್ಲ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕೆಲಸ. ಚಿಕಿತ್ಸೆ ಆರೋಗ್ಯ ಇಲಾಖೆಗೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಬಳಿ ಹೋಗಬೇಕು. ರಕ್ಷಣೆ ಪೊಲೀಸರದ್ದು. ಕಾಲುಸಂಕ ಪಂಚಾಯಿತಿಯದ್ದು.

ಒಬ್ಬ ಅಜ್ಜಿಗೆ ಆರು ಬಾಗಿಲು. ಆ ಆರೂ ಬಾಗಿಲಿನವರು ಅಜ್ಜಿಯ ವಿಷಯವಾಗಿ ಒಟ್ಟಿಗೆ ಕೂತು ಮಾತಾಡಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಅಮೆರಿಕದ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಬಂದರು. "ಅಲ್ಲಿ ಪಕ್ಕದ ಮನೆ ಮುದುಕರಿಗೆ ಮಧ್ಯಾಹ್ನದ ಊಟ ಬಾಗಿಲಿಗೇ ಬರ್ತದೆ ಮೇಡಂ. ಯಾರು ಲೆಕ್ಕ ಇಡ್ತಾರೆ ಅದನ್ನ?" ಅಂತ ಕೇಳಿದರು. ಒಳ್ಳೆ ಪ್ರಶ್ನೆ. ಆ ದೇಶದಲ್ಲಿ 1965ರಲ್ಲೇ ಹಿರಿಯರಿಗಾಗಿ ಒಂದು ಕಾಯ್ದೆ ಬಂತು. 1973ರಲ್ಲಿ ಅದಕ್ಕೆ ತಿದ್ದುಪಡಿ ತಂದು ಪ್ರದೇಶಕ್ಕೊಂದು ಸಂಸ್ಥೆ ಮಾಡಿದರು. ಅವಕ್ಕೆ ಏರಿಯಾ ಏಜೆನ್ಸಿ ಆನ್ ಏಜಿಂಗ್ ಅಂತ ಹೆಸರು. ಈಗ ದೇಶದಲ್ಲಿ ಇಂಥವು ಆರು ನೂರಕ್ಕೂ ಜಾಸ್ತಿ ಇವೆ.

ಈ ಸಂಸ್ಥೆ ಸಾಮಾನ್ಯವಾಗಿ ತಾನೇ ಅಡುಗೆ ಮಾಡಿ ಬಡಿಸುವುದಿಲ್ಲ, ಬೇರೆಯವರಿಗೆ ಗುತ್ತಿಗೆ ಕೊಡುತ್ತದೆ. ಅದರ ಮುಖ್ಯ ಕೆಲಸ ಬೇರೆ. ತನ್ನ ಪ್ರದೇಶದಲ್ಲಿ ಯಾರಿಗೆ ಏನು ಬೇಕು ಅಂತ ತಿಳಿದುಕೊಂಡು, ಎರಡರಿಂದ ನಾಲ್ಕು ವರ್ಷದ ಯೋಜನೆ ಬರೆಯಬೇಕು. ಜನರ ಮುಂದೆ ಇಟ್ಟು ಅಭಿಪ್ರಾಯ ಕೇಳಬೇಕು. ಗುತ್ತಿಗೆ ಪಡೆದವರು ಮಾತಿನಂತೆ ನಡೆದರಾ ಅಂತ ನೋಡಬೇಕು. ಸಲಹಾ ಸಮಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿರಿಯರೇ ಇರಬೇಕು. ನನಗೆ ತುಂಬಾ ಹಿಡಿಸಿದ್ದು ಈ ಕೊನೆಯ ಮಾತು. ಅವರ ದುಡ್ಡು, ಅವರ ರಸ್ತೆ ನಮ್ಮಲ್ಲಿಲ್ಲ, ನಿಜ. ಆದರೆ ಹಿರಿಯರ ವಿಷಯಕ್ಕೆ ಹಿರಿಯರನ್ನೇ ಕೂರಿಸಿಕೊಂಡು ಮಾತಾಡೋಕೆ ದುಡ್ಡು ಬೇಕಾಗಿಲ್ಲ ಅಲ್ವಾ?

ನಮ್ಮಲ್ಲೂ ಇದಕ್ಕೆ ಜಾಗ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಗೆ ಕೇಂದ್ರ ಕೊಟ್ಟ ಮಾದರಿ ನಿಯಮಗಳಲ್ಲಿ ಹಿರಿಯರ ಜಿಲ್ಲಾ ಸಮಿತಿಯ ಮಾತಿದೆ. ಇನ್ನೊಂದು ಮಾತೂ ಇದೆ. ಪ್ರತಿ ಪೊಲೀಸ್ ಠಾಣೆ ತನ್ನ ವ್ಯಾಪ್ತಿಯ ಹಿರಿಯರ ಪಟ್ಟಿ ಇಡಬೇಕು, ಒಂಟಿಯಾಗಿ ಇರುವವರನ್ನು ಮುಖ್ಯವಾಗಿ ಬರೆದುಕೊಳ್ಳಬೇಕು. ಠಾಣೆಯ ಒಬ್ಬರು, ಜೊತೆಗೆ ಒಬ್ಬ ಸಮಾಜಕಾರ್ಯಕರ್ತರು ಅಥವಾ ಸ್ವಯಂಸೇವಕರು, ತಿಂಗಳಿಗೆ ಒಮ್ಮೆಯಾದರೂ ಅವರ ಮನೆಗೆ ಹೋಗಿ ಬರಬೇಕು.

ಇದು ಒಂದು ಪಟ್ಟಿ. ಎರಡನೆಯದು ಪಿಂಚಣಿ ಪಟ್ಟಿ. ಮೂರನೆಯದು ಆಶಾ ಕಾರ್ಯಕರ್ತೆಯ ಕೈಲಿರುವ ಹಾಳೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು. 30 ದಾಟಿದವರಿಗೆಲ್ಲ ಬಿಪಿ, ಶುಗರ್ ಬಗ್ಗೆ ಆಶಾ ಒಂದು ಹಾಳೆ ತುಂಬುತ್ತಾರೆ. ಅದರಲ್ಲಿ 60 ದಾಟಿದವರಿಗೇ ಬೇರೆ ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ಆಯ ತಪ್ಪುತ್ತದಾ? ಊಟ, ಬಟ್ಟೆ, ಸ್ನಾನಕ್ಕೆ ಇನ್ನೊಬ್ಬರ ಸಹಾಯ ಬೇಕಾ? ಹತ್ತಿರದವರ ಹೆಸರು ಮರೆತುಹೋಗುತ್ತದಾ? ಇಡೀ ಜಿಲ್ಲೆಯ ಯೋಜನೆ ಬರೆಯೋಕೆ ಇದಕ್ಕಿಂತ ಇನ್ನೇನು ಬೇಕು?

ಒಂದು ಪಂಚಾಯಿತಿಯಲ್ಲಿ ಕಾರ್ಯದರ್ಶಿಯವರೂ, ಆಶಾ ಅಕ್ಕಂದಿರೂ, ಅಂಚೆಯವರೂ, ಬೀಟ್ ಪೊಲೀಸರೂ ಒಪ್ಪಿಕೊಂಡು ಒಂದು ಮಧ್ಯಾಹ್ನ ಕೂತಿದ್ದೆವು. ತಮ್ಮ ತಮ್ಮ ಪುಸ್ತಕ ನೋಡಿಕೊಂಡು ಒಬ್ಬೊಬ್ಬರೂ ಹೆಸರು ಓದುತ್ತಾ ಹೋದರು. ಕಾಯಿಲೆಯ ವಿಷಯ ಎಲ್ಲರ ಮುಂದೆ ಹೇಳುವಂತಿಲ್ಲ, ಹಾಗಾಗಿ ಆಶಾ ಬರೀ ಹೆಸರಿನ ಪಕ್ಕ ಒಂದು ಗುರುತು ಹಾಕಿದರು. ಪಿಂಚಣಿ ಪಟ್ಟಿಯಲ್ಲಿ ಇರುವವರು ಪೊಲೀಸರ ಪಟ್ಟಿಯಲ್ಲಿ ಇರಲಿಲ್ಲ. ಹಾಸಿಗೆ ಹಿಡಿದವರಿಗೆ ಗುರುತಿನ ಚೀಟಿ ಇರಲಿಲ್ಲ. ಕೊನೆಗೆ ಅಂಚೆಯವರು ತಲೆ ಎತ್ತಿ, "ಮೇಲಿನಕೇರಿ ಗಂಡ-ಹೆಂಡತಿ ಇಬ್ರನ್ನೂ ಯಾರೂ ಓದ್ಲೇ ಇಲ್ಲ" ಅಂದರು. ಮೂರೂ ಪಟ್ಟಿಯಲ್ಲಿ ಅವರಿಲ್ಲ. ಸ್ವಲ್ಪ ಜಮೀನು ಇದೆ ಅಂತ ಪಿಂಚಣಿಗೆ ಅರ್ಜಿ ಹಾಕಿರಲಿಲ್ಲ. ಮನೆ ಎರಡು ಹಳ್ಳಿಯ ಗಡಿಯಲ್ಲಿದೆ, ಆ ಕಡೆಯ ಆಶಾ ಈ ಕಡೆಯದ್ದು ಅಂದುಕೊಂಡಿದ್ದರು, ಈ ಕಡೆಯವರು ಆ ಕಡೆಯದ್ದು ಅಂದುಕೊಂಡಿದ್ದರು. ಅವತ್ತು ಸಂಜೆಯೇ ಅಲ್ಲಿಗೆ ಹೋದೆವು. ಅಜ್ಜ ಬಿದ್ದು ಸೊಂಟ ನೋವು ಮಾಡಿಕೊಂಡು ಹತ್ತು ದಿನ ಆಗಿತ್ತು.

ಯೋಜನೆ ಅಂದರೆ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಆರೋಗ್ಯದ ಏರ್ಪಾಡು ಕಾಗದದ ಮೇಲೆ ಚೆನ್ನಾಗಿದೆ. 2010-11ರಲ್ಲಿ ಶುರುವಾದ ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮದ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಕ್ಲಿನಿಕ್ಕು, ಹಾಸಿಗೆ ಹಿಡಿದವರಿಗೆ ಮನೆ ಭೇಟಿ ಇರಬೇಕು. ಶಿವಮೊಗ್ಗ ಪೇಟೆಯವರಿಗೆ ಮೆಗ್ಗಾನ್ ಆಸ್ಪತ್ರೆ ಆಟೋದ ದೂರ. ಆಗುಂಬೆ ಕಡೆಯವರಿಗೆ ಅದು ಇಡೀ ದಿನದ ಕೆಲಸ. ಶರಾವತಿ ಹಿನ್ನೀರಿನಾಚೆಯ ತುಮರಿಯವರು 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಗುವ ತನಕ, ಸಂಜೆ ಲಾಂಚ್ ನಿಂತ ಮೇಲೆ ಎದೆನೋವು ಬಂದರೆ ಏನು ಮಾಡುವುದು ಅನ್ನುವ ಭಯದಲ್ಲೇ ಬದುಕಿದರು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿನ ಅಜ್ಜಿಯಂದಿರು ಈಗಲೂ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಾರೆ. ಹಾಗಾಗಿ ಒಂದು ಸೇವೆ ಎಷ್ಟು ದೂರ ಅನ್ನುವುದನ್ನು ಮನೆ ಹೊಸಿಲಿನಿಂದ ಅಳೆಯಬೇಕು. ಕಿಲೋಮೀಟರಿನ ಜೊತೆಗೆ ಎಷ್ಟು ಹೊತ್ತು, ಎಷ್ಟು ದುಡ್ಡು, ದಾರಿಯಲ್ಲಿ ಸಂಕ ಇದೆಯಾ ಅಂತಲೂ ಬರೆದುಕೊಳ್ಳಬೇಕು.

ಮಕ್ಕಳು ನೋಡಿಕೊಳ್ಳದಿದ್ದರೆ ಹೋಗಬೇಕಾದ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಜನ ಇದನ್ನು ಎಸಿ ಕೋರ್ಟು ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಸಾಗರ ಎರಡು ಉಪವಿಭಾಗ. 60 ದಾಟಿದ, ತಮ್ಮ ದುಡಿಮೆ ಅಥವಾ ಆಸ್ತಿಯಿಂದ ಬದುಕು ಸಾಗಿಸೋಕೆ ಆಗದ ಯಾರೇ ಆಗಲಿ, ತಮ್ಮನ್ನು ನೋಡಿಕೊಳ್ಳದ ಮಕ್ಕಳ ಮೇಲೆ ಜೀವನಾಂಶ ಕೇಳಬಹುದು. ತಂದೆ ತಾಯಿಗೆ ಈ ವಯಸ್ಸಿನ ಮಿತಿಯೂ ಇಲ್ಲ. ಮಕ್ಕಳಿಲ್ಲದವರು, ತಮ್ಮ ಆಸ್ತಿ ಪಡೆಯುವ ಸಂಬಂಧಿಕರ ಮೇಲೆ ಕೇಳಬಹುದು. ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿಯ ಮಿತಿ ಇದೆ. ನೋಟಿಸ್ ಮುಟ್ಟಿದ 90 ದಿನದೊಳಗೆ ತೀರ್ಮಾನ ಆಗಬೇಕು, ವಿಶೇಷ ಕಾರಣ ಇದ್ದರೆ ಇನ್ನು 30 ದಿನ. ತಾವೇ ಹೋಗೋಕೆ ಆಗದಿದ್ದರೆ ನಂಬಿಕೆಯವರೊಬ್ಬರ ಮೂಲಕ, ಇಲ್ಲವೇ ಸಂಸ್ಥೆಯ ಮೂಲಕ ಅರ್ಜಿ ಕೊಡಬಹುದು.

ಆದರೆ ಮಲೆನಾಡಿನ ಹಿರಿಯರು ಮಕ್ಕಳ ಮೇಲೆ ದೂರು ಕೊಡುವುದಿಲ್ಲ. "ಮನೆ ಮರ್ಯಾದೆ ತಂಗೀ" ಅನ್ನುತ್ತಾರೆ. ಬರುವುದು ಎಲ್ಲ ಮುಗಿದ ಮೇಲೆ, ತೋಟ ಮಗನ ಹೆಸರಿಗೆ ಆದ ಮೇಲೆ. ಆಗ ನಾನು ಮೊದಲು ಕೇಳುವುದು ದಾನಪತ್ರ. ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಆ ಷರತ್ತು ಮುರಿದರೆ ಪತ್ರ ರದ್ದಾಗಬಹುದು. ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಈ ಕಾಯ್ದೆಯನ್ನು ಹಿರಿಯರ ಒಳಿತಿನ ಕಡೆಯಿಂದ ಓದಬೇಕು ಅಂತ ಹೇಳಿ ತಾಯಿಯ ಪರ ನಿಂತಿತು. ನನ್ನ ಸಲಹೆ ಸರಳ. ಬರೆದುಕೊಡುವ ದಿನವೇ, ಊಟ, ಔಷಧಿ, ಇರೋಕೆ ಜಾಗ ಕೊಡಬೇಕು ಅಂತ ಪತ್ರದಲ್ಲೇ ಒಂದು ಸಾಲು ಬರೆಸಿ. ಅದರಿಂದ ಮಗನ ಪ್ರೀತಿ ಕಡಿಮೆ ಆಗುವುದಿಲ್ಲ.

ಇನ್ನು ಮೇಲ್ವಿಚಾರಣೆ. ವೃದ್ಧಾಶ್ರಮವೊಂದರಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ತಪಾಸಣೆಗೆ ಬರುವವರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ರಿಜಿಸ್ಟರ್ ನೋಡುತ್ತಿದ್ದರು. ಹಾಜರಿ, ದಾಸ್ತಾನು, ಬಿಲ್ಲು ಎಲ್ಲ ಸರಿಯಾಗಿರುತ್ತಿತ್ತು. ರಾತ್ರಿ ಎರಡಕ್ಕೆ ಪಾಯಿಖಾನೆಗೆ ಏಳುವ ಅಜ್ಜನಿಗೆ ದೀಪ ಇದೆಯಾ ಅಂತ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅಲ್ಲಿ ದೀಪ ಇರಲಿಲ್ಲ. ಒಬ್ಬರು ಬಿದ್ದ ಮೇಲೆ ಹಾಕಿದೆವು. ನಾನೂ ಅಲ್ಲೇ ಇದ್ದೆ, ನನಗೂ ಹೊಳೆದಿರಲಿಲ್ಲ. ಆ ಸಂಕಟ ಇನ್ನೂ ಇದೆ. ಅಮೆರಿಕದಲ್ಲಿ ಆರೈಕೆ ಮನೆಗಳಲ್ಲಿ ಇರುವವರ ದೂರು ಕೇಳೋಕೇ ಬೇರೆ ಜನರಿದ್ದಾರೆ. ಅವರಲ್ಲಿ ಸ್ವಯಂಸೇವಕರೂ ಇದ್ದಾರೆ. ಅವರು ನೇರವಾಗಿ ಹಿರಿಯರ ಹತ್ತಿರ ಕೂತು ಮಾತಾಡುತ್ತಾರೆ. ನಮ್ಮ ನಿವೃತ್ತ ಶಿಕ್ಷಕಿಯರು, ನರ್ಸುಗಳು ಈ ಕೆಲಸ ಎಷ್ಟು ಚೆನ್ನಾಗಿ ಮಾಡಬಲ್ಲರು!

ನಮ್ಮ 2007ರ ಕಾಯ್ದೆಯಲ್ಲಿ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಸ್ಥಾಪಿಸಬಹುದು ಅಂತಿದೆ. ಮಲೆನಾಡಿಗೆ ಇದು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೋಟದ ಮನೆಯಲ್ಲಿ ಎಪ್ಪತ್ತು ವರ್ಷ ಕಳೆದವರನ್ನು ಪೇಟೆಯ ದೊಡ್ಡ ಕಟ್ಟಡಕ್ಕೆ ತಂದರೆ ಬೇಗ ಸೊರಗುತ್ತಾರೆ. ಹೋಬಳಿಗೊಂದು, ಹತ್ತು ಹದಿನೈದು ಜನರ ಸಣ್ಣ ಮನೆ ಸಾಕು. ಪರಿಚಯದ ಮುಖ, ಪರಿಚಯದ ಅಡುಗೆ ಇರಲಿ.

ಕೊನೆಗೆ ಮಳೆಯ ವಿಷಯ. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಣ ಖರ್ಚು ಮಾಡುವ ಓಡಾಟ ಜಾಸ್ತಿ ಇರುವುದು ಫೆಬ್ರವರಿ, ಮಾರ್ಚಿನಲ್ಲಿ. ನಮ್ಮ ಹಿರಿಯರಿಗೆ ಕಷ್ಟ ಬರುವುದು ಮೃಗಶಿರದಿಂದ ಮಘೆ ಮಳೆಯ ತನಕ. ಹಳ್ಳ ತುಂಬುತ್ತದೆ, ಕರೆಂಟು ವಾರಗಟ್ಟಲೆ ಹೋಗುತ್ತದೆ, ಫೋನೂ ಸತ್ತಿರುತ್ತದೆ. ಮಲೆನಾಡಿನ ಪ್ರತಿ ಮನೆಯೂ ಇದನ್ನು ಬಲ್ಲದು. ಮೇ ಮುಗಿಯುವುದರೊಳಗೆ ಕಟ್ಟಿಗೆ ಒಟ್ಟುತ್ತೇವೆ, ಹಪ್ಪಳ ಸಂಡಿಗೆ ಡಬ್ಬಿ ಸೇರುತ್ತವೆ. ಹಾಗಿದ್ದ ಮೇಲೆ ಬಿಪಿ ಮಾತ್ರೆ ಮಾತ್ರ ತಿಂಗಳಿಗಷ್ಟೇ ಯಾಕೆ ಕೊಡಬೇಕು? ಹಳ್ಳದಾಚೆ ಇರುವವರಿಗೆ, ವೈದ್ಯರು ನೋಡಿ ಒಪ್ಪಿದ ಮೇಲೆ, ಮೂರು ತಿಂಗಳದ್ದು ಒಟ್ಟಿಗೆ ಕೊಡಲಿ. ಬ್ಯಾಂಕು, ಆಧಾರ್ ಜೋಡಣೆಯ ತೊಂದರೆ ಮೇ ತಿಂಗಳಲ್ಲೇ ನೋಡಲಿ. ಅಡಿಕೆ ಸುಲಿದು ಬೆರಳಚ್ಚು ಸವೆದವರು ಯಾರು ಅಂತ ಗುರುತು ಮಾಡಿಕೊಳ್ಳಲಿ. ಒಂಟಿ ಮನೆಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ಬರುವವರು ಯಾರು ಅಂತ ಹೆಸರು ಬರೆದಿಡಲಿ.

ನಿಮ್ಮ ಊರಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಒಬ್ಬರೇ ಇರುವ ಹಿರಿಯರು ಎಷ್ಟು ಮಂದಿ, ಅವರ ಮನೆಗೆ ದಾರಿ ಹೇಗಿದೆ ಅಂತ ನಡಾವಳಿಯಲ್ಲಿ ಬರೆಸಿ. ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಯಾರಿಗಾದರೂ ತಕ್ಷಣ ಸಹಾಯ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಆ ಅಜ್ಜಿಯ ಎರಡು ಪಾಸ್‌ಬುಕ್ಕೂ ಈಗ ಒಂದೇ ಚೀಲದಲ್ಲಿವೆ. ಯಾವುದಕ್ಕೆ ಪಿಂಚಣಿ ಬರುತ್ತದೆ ಅಂತ ಗೊತ್ತಾಗಲಿ ಅಂತ ಹೊಸದಕ್ಕೆ ಕೆಂಪು ದಾರ ಕಟ್ಟಿದ್ದೇವೆ. ಕಾಲುಸಂಕದ ಜಾಗದಲ್ಲಿ ಸಿಮೆಂಟಿನದ್ದು ಮಾಡುವ ಮಾತು ಪಂಚಾಯಿತಿಯ ಯೋಜನೆಯಲ್ಲಿ ಸೇರಿದೆ. ಅಷ್ಟರ ತನಕ ಇರಲಿ ಅಂತ ಪಕ್ಕದ ಮನೆ ಹುಡುಗರು ಒಂದು ಕಡೆಗೆ ಬಿದಿರು ಕಟ್ಟಿಕೊಟ್ಟಿದ್ದಾರೆ. ಮೊನ್ನೆ ಹೋದಾಗ ಅಜ್ಜಿ ಅದನ್ನು ಹಿಡಿದುಕೊಂಡು ಈಚೆ ದಡದ ತನಕ ಬಂದು ನನಗಾಗಿ ಕಾಯುತ್ತಿದ್ದರು.