ಅಮೆರಿಕಕ್ಕೆ ಇಂಧನ ಇಲಾಖೆ ಬಂದ ಕಥೆ

1977ರ ಫೆಬ್ರವರಿ 2ರ ರಾತ್ರಿ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಟಿವಿಯಲ್ಲಿ ಕಾಣಿಸಿಕೊಂಡಾಗ ಸೂಟಿನ ಬದಲು ಸ್ವೆಟರ್ ತೊಟ್ಟಿದ್ದರು. ಮನೆಯ ಹೀಟರನ್ನು ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ ಎಂದು ಜನರನ್ನು ಕೇಳಿಕೊಂಡರು. ಆ ಚಳಿಗಾಲದಲ್ಲಿ ನೈಸರ್ಗಿಕ ಅನಿಲ ಸಾಲದೆ ಶಾಲೆ, ಕಾರ್ಖಾನೆಗಳೇ ಬಾಗಿಲು ಹಾಕಿದ್ದವು.

ತೊಂದರೆ ಶುರುವಾಗಿದ್ದು ಅದಕ್ಕೂ ಮೊದಲೇ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದ ಸಾಲು. ನಿಜಕ್ಕೂ ಕೊರತೆ ಇದೆಯಾ, ಕಂಪನಿಗಳು ಬಚ್ಚಿಟ್ಟಿವೆಯಾ ಅಂತ ಜನ ಕೇಳಿದರು. ಸರ್ಕಾರದ ಬಳಿ ಗಟ್ಟಿ ಉತ್ತರ ಇರಲಿಲ್ಲ. ಲೆಕ್ಕಕ್ಕಾಗಿ ಅದು ನೆಚ್ಚಿಕೊಂಡಿದ್ದು ಎಣ್ಣೆ ಕಂಪನಿಗಳನ್ನೇ!

ಕೆಲಸವೂ ಹತ್ತಾರು ಕಚೇರಿಗಳಲ್ಲಿ ಹಂಚಿಹೋಗಿತ್ತು. ಎಣ್ಣೆಗೆ ಒಂದು, ಸಂಶೋಧನೆಗೆ ಇನ್ನೊಂದು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಅನಿಲದ ಬೆಲೆಗೆ 1920ರಲ್ಲಿ ಹುಟ್ಟಿದ ಫೆಡರಲ್ ಪವರ್ ಕಮಿಷನ್. 1977ರ ಮಾರ್ಚ್ 1ರಂದು ಕಾರ್ಟರ್ ಇವನ್ನೆಲ್ಲ ಒಂದೇ ಸೂರಿನಡಿ ತರುವ ಮಸೂದೆಯನ್ನು ಸಂಸತ್ತಿನ ಮುಂದಿಟ್ಟರು.

ಜಗಳ ಹತ್ತಿದ್ದು ಬೆಲೆಯ ವಿಷಯಕ್ಕೆ. ಕಮಿಷನ್ ಹಿಡಿದಿಟ್ಟಿದ್ದ ಬೆಲೆ ಕಡಿಮೆ ಇದ್ದುದರಿಂದ ಉತ್ಪಾದಕರು ಅನಿಲವನ್ನು ತಮ್ಮ ರಾಜ್ಯದೊಳಗೇ ಜಾಸ್ತಿ ದುಡ್ಡಿಗೆ ಮಾರುತ್ತಿದ್ದರು. ಚಳಿಯ ರಾಜ್ಯಗಳು ನಡುಗಲು ಇದೂ ಒಂದು ಕಾರಣ. ಹಾಗಾದರೆ ಬೆಲೆ ಕಟ್ಟುವವರು ಯಾರು? ಹೊಸ ಸಚಿವರು ಎಂದರು ಕಾರ್ಟರ್. ಅಧ್ಯಕ್ಷರು ನೇಮಿಸಿದ ಒಬ್ಬನ ಕೈಗೆ ಅಷ್ಟು ಅಧಿಕಾರ ಕೊಡಲು ಸಂಸತ್ತು ಒಪ್ಪಲಿಲ್ಲ. ಇಲಾಖೆಯೊಳಗೇ ಐದು ಸದಸ್ಯರ ಸ್ವತಂತ್ರ ಆಯೋಗ ಮಾಡಿ ಆ ಕೆಲಸವನ್ನು ಅದಕ್ಕೆ ವಹಿಸಿತು. ಸರಿಯಾಗಿಯೇ ಮಾಡಿತು ಅನ್ನುತ್ತೇನೆ. ಮನೆ ಬೆಚ್ಚಗಿಡುವ ಅನಿಲದ ಬೆಲೆ ಚುನಾವಣೆ ನೋಡಿಕೊಂಡು ಏರಿಳಿಯಬಾರದು, ಅಲ್ವಾ?

ಆಗಸ್ಟ್ 4ರಂದು ಕಾರ್ಟರ್ ಕಾಯ್ದೆಗೆ ಸಹಿ ಹಾಕಿದರು. ಅಕ್ಟೋಬರ್ 1ರಿಂದ ಇಲಾಖೆ ಕೆಲಸ ಶುರುಮಾಡಿತು. ಜೇಮ್ಸ್ ಶ್ಲೆಸಿಂಜರ್ ಮೊದಲ ಸಚಿವ. ಸುಮಾರು 20,000 ನೌಕರರು. ಅಣುಬಾಂಬ್ ತಯಾರಿಯ ಹೊಣೆಯೂ ಇದೇ ಇಲಾಖೆಗೆ ಬಂತು. ಎರಡನೇ ಮಹಾಯುದ್ಧದ ಬಾಂಬ್ ಯೋಜನೆ ಅಣುಶಕ್ತಿ ಆಯೋಗದ ಕೈಗೆ ಹೋಗಿತ್ತು. 1974ರ ಕಾನೂನು ಆ ಆಯೋಗವನ್ನು ಒಡೆದಾಗ ಸಂಶೋಧನೆಯ ಜೊತೆ ಬಾಂಬೂ ಒಂದು ಪಾಲಿಗೆ ಸೇರಿತು. ಆ ಪಾಲೇ ಇಲ್ಲಿಗೆ ಬಂದದ್ದು.

ನನಗೆ ಈ ಕಾಯ್ದೆಯಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇಂಧನ ಮಾಹಿತಿ ಸಂಸ್ಥೆಯ ಭಾಗ. ಅಂಕಿಅಂಶ ಕಲೆಹಾಕಲಿಕ್ಕಾಗಲಿ ಪ್ರಕಟಿಸಲಿಕ್ಕಾಗಲಿ ಅದು ಇಲಾಖೆಯ ಯಾರ ಒಪ್ಪಿಗೆಯನ್ನೂ ಕೇಳಬೇಕಿಲ್ಲ. 1973ರ ಪ್ರಶ್ನೆಗೆ ಸಿಕ್ಕ ನೇರ ಉತ್ತರ ಇದು.

ಇಲಾಖೆಯನ್ನೇ ಮುಚ್ಚುತ್ತೇನೆಂದು ರೊನಾಲ್ಡ್ ರೇಗನ್ ಬಂದರು. 1982ರಲ್ಲಿ ಪ್ರಸ್ತಾವವನ್ನೂ ಇಟ್ಟರು. ಸಂಸತ್ತು ಕೈಜೋಡಿಸಲಿಲ್ಲ. ದೇಶದಲ್ಲಿ ಎಷ್ಟು ಎಣ್ಣೆ ದಾಸ್ತಾನಿದೆ ಎಂಬ ಆ ಸಂಸ್ಥೆಯ ವರದಿ ಇವತ್ತಿಗೂ ವಾರಕ್ಕೊಮ್ಮೆ, ಸಾಮಾನ್ಯವಾಗಿ ಬುಧವಾರ, ಬರುತ್ತದೆ. ಯಾರು ಬೇಕಾದರೂ ಓದಬಹುದು.